ಕಚ್ಚೆಯ ಮೇಲಿನ ಅಳತೆ

ಶಂಕರಮ್ಮ ಒಲೆಯಿಂದ ಇನ್ನೆರಡು ಕೆಂಡ ಎತ್ತಿ ಹಿತ್ತಾಳೆ ಚೊಂಬಿಗೆ ಹಾಕಿದಳು. ಚೊಂಬಿನ ಕತ್ತಿಗೆ ಬಟ್ಟೆ ಸುತ್ತಿ ಹಿಡಿದು, ಗಂಜಿ ಹಾಕಿ ಒಣಗಿಸಿದ್ದ ಪಂಚೆಯ ಮೇಲೆ ಮೆಲ್ಲಗೆ ಎಳೆದಳು. ಒಂದು ಕಡೆ ಸತ್ತ ಸುಕ್ಕು ಇನ್ನೊಂದು ಕಡೆ ಹುಟ್ಟುತ್ತಿತ್ತು. ಅವಳಿಗೇನೂ ಅವಸರವಿರಲಿಲ್ಲ. ಸುಕ್ಕಿನ ಹಿಂದೆ ಓಡಿದರೆ ಪಂಚೆ ಸುಡುತ್ತದೆ, ಕಾದರೆ ಸುಕ್ಕು ತಾನೇ ಮಲಗುತ್ತದೆ ಎಂಬುದು ಈ ಮನೆಗೆ ಬಂದ ಮೇಲೆ ಅವಳು ಕಲಿತ ಮೊದಲ ಪಾಠ.

ಮಾಂಬಳ್ಳಿಯಲ್ಲಿ ರುದ್ರಸ್ವಾಮಿ ಎಂಬ ಹೆಸರಿನವರು ಮೂವರಿದ್ದರು. ಒಬ್ಬ ಮೇಗಲಕೇರಿ ರುದ್ರಸ್ವಾಮಿ, ಒಬ್ಬ ಗಿರಣಿ ರುದ್ರಸ್ವಾಮಿ. ಶಂಕರಮ್ಮನ ಗಂಡ ನಿರಿಗೆ ರುದ್ರಸ್ವಾಮಿ. ಪಂಚೆಯ ಅಂಚು ಕೂದಲೆಳೆಯಷ್ಟು ಓರೆಯಾದರೂ ಅವನು ಬೀದಿಗಿಳಿಯುವ ಆಸಾಮಿಯಲ್ಲ. ಗದ್ದೆಗೆ ನೀರು ಕಟ್ಟಲು ಹೋಗುವಾಗಲೂ ಶಲ್ಯ ಹೆಗಲ ಮೇಲೆ ಅಳತೆ ಮಾಡಿಟ್ಟ ಹಾಗೆ ಕೂತಿರಬೇಕು.

"ಏನಂದ್ರೆ, ಕಾಗ್ದ ಇನ್ನೂವೆ ಅಲ್ಲೇ ಅದೆ," ಎಂದಳು ಶಂಕರಮ್ಮ, ಪಂಚೆಯಿಂದ ಕಣ್ಣೆತ್ತದೆ.

"ಇರ್ಲಿ ಬುಡು. ಅದೇನ್ ಅನ್ನ ಕೇಳ್ತದಾ?" ಎಂದ ರುದ್ರಸ್ವಾಮಿ.

ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕ ಒಂದು ಅಂಚೆ ಕಾರ್ಡು ನಿಂತಿತ್ತು. ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಆಗಿತ್ತು. ಮೈಸೂರಿನಲ್ಲಿ ಗುಮಾಸ್ತನಾಗಿರುವ ಅಳಿಯ ಗುರುಪಾದಸ್ವಾಮಿಯನ್ನೂ ಮಗಳು ಶಿವರತ್ನಮ್ಮನನ್ನೂ ಮೊದಲ ದೀಪಾವಳಿಗೆ ಕರೆಯುವ ಕಾಗದ ಅದು. ದಸರೆ ಮುಗಿದ ವಾರವೇ ಬರೆದದ್ದು. ಈಗ ಅರಿಶಿನ ಒಣಗಿ ಉದುರುವುದಕ್ಕೆ ಶುರುವಾಗಿತ್ತು.

ಕಾಗದ ಹೋಗದೆ ಇದ್ದುದಕ್ಕೆ ಕಾರಣ ಬಟ್ಟೆ. ಮೊದಲ ದೀಪಾವಳಿಗೆ ಬಂದ ಅಳಿಯ ಎಣ್ಣೆ ನೀರು ಹಾಕಿಕೊಂಡು, ಮಾವ ಕೊಟ್ಟ ಹೊಸ ಬಟ್ಟೆ ತೊಡಬೇಕು. ಊರಿನಲ್ಲಿ ಎಲ್ಲರ ಮನೆಯಲ್ಲೂ ಮೊದಲು ಕಾಗದ, ಆಮೇಲೆ ಬಟ್ಟೆ. ರುದ್ರಸ್ವಾಮಿಯ ಮನೆಯಲ್ಲಿ ಮಾತ್ರ ಬಟ್ಟೆ ಮನೆಗೆ ಬಂದು ದೇವರ ಮುಂದೆ ಕೂತ ಮೇಲೆಯೇ ಕಾಗದ.

ಅದಕ್ಕೂ ಒಂದು ಕಥೆ. ಅವನು ಹೊಸ ಅಳಿಯನಾಗಿ ಧನಗೆರೆಗೆ, ಶಂಕರಮ್ಮನ ತವರಿಗೆ, ಹೋಗಿದ್ದಾಗ ಮಾವ ಕೊಳ್ಳೇಗಾಲದ ನೇಕಾರರಿಗೆ ಜರಿ ಪಂಚೆ ಹೇಳಿದ್ದರು. ಪಂಚೆ ತರಬೇಕಾದ ಗಾಡಿಯ ಅಚ್ಚು ದಾರಿಯಲ್ಲಿ ಮುರಿಯಿತು. ಇತ್ತ ಅಳಿಯನ ಎಣ್ಣೆ ಸ್ನಾನ ಆಗಿತ್ತು, ಬಿಚ್ಚಿಟ್ಟ ಬಟ್ಟೆಯನ್ನು ಪದ್ಧತಿಯಂತೆ ಮಡಿವಾಳರವನು ಗಂಟು ಕಟ್ಟಿಕೊಂಡು ಹೋಗಿಯೂ ಆಗಿತ್ತು. ನಿರಿಗೆ ರುದ್ರಸ್ವಾಮಿ ಹೊತ್ತು ಇಳಿಯುವ ತನಕ ಕರೀ ಕಂಬಳಿ ಹೊದ್ದು ನಡುಮನೆಯಲ್ಲಿ ಕೂತಿದ್ದ. ಊರ ಹೆಂಗಸರೆಲ್ಲ ಬೆಂಕಿ ಕೇಳುವ ನೆಪದಲ್ಲಿ ಒಬ್ಬೊಬ್ಬರಾಗಿ ಬಂದು ನೋಡಿ ಹೋದರು. ಒಂದೇ ಮನೆಯಲ್ಲಿ ಅಷ್ಟೊಂದು ಬೆಂಕಿ ಕೊಟ್ಟದ್ದು ಧನಗೆರೆಯಲ್ಲಿ ಅದೇ ಮೊದಲಂತೆ.

"ನನ್ ಅಳಿಯಂಗೆ ಆ ಗತಿ ಬರ್ಬಾರ್ದು," ಎಂದು ಅವನು ಅಂದೇ ಮನಸ್ಸಿನಲ್ಲಿ ಕಟ್ಟು ಮಾಡಿಕೊಂಡಿದ್ದ. ಹಿಡಿದ ಮೊಲಕ್ಕೆ ಮೂರೇ ಕಾಲು.

ಶಂಕರಮ್ಮ ಚೊಂಬನ್ನು ಕಲ್ಲಿನ ಮೇಲಿಟ್ಟಳು. "ರತ್ನಿ ಬರ್ದಿರೋದು ಗ್ಯಾನ ಅದಾ? ಅವರತ್ತೆ ಕೇಳ್ತಾವ್ರಂತೆ, ನಿಮ್ಮಪ್ಪ ಕರೀತಾನೋ ಇಲ್ವೋ ಅಂತ. ಕರೀದೆ ಓದ್ರೆ ಅಲ್ಲೇ ಇರ್ಸ್ಕತರೆ. ಅವರ ಮನೆ ಅಳಿಯ ಬತ್ತಾನೆ, ಇವ್ಳು ಅವನ್ಗೆ ಒಬ್ಬಟ್ಟು ತಟ್ಕಂಡು ಕೂರ್ಬೇಕು. ನಮ್ಮನೆ ಅಳಿಯ ನಮ್ಮನೆಗಿಲ್ಲ, ನಮ್ಮ ಮಗ್ಳು ಇನ್ನೊಬ್ಬರ ಮನೆ ಅಳಿಯನ್ ಒಲೆ ಮುಂದೆ. ಚೆಂದಾಗದಾ?"

ಮದುವೆಯಾದ ಮೇಲೆ ಶಂಕರಮ್ಮ ಮಗಳ ಮುಖ ನೋಡಿರಲಿಲ್ಲ.

"ನಾನೇನ್ ಬ್ಯಾಡ ಅಂದ್ನಾ? ನಾಳೀಕೇ ಕೊಳ್ಳೇಗಾಲ್ದಿಂದ ಎರಡು ಬೆರಳಗಲದ ಜರಿ ಪಂಚೆ ತತ್ತಿನಿ."

"ಅವ್ರು ಪಂಚೆ ಉಡಕಿಲ್ಲ. ಷರಾಯಿ ಹಾಕದು. ಮದ್ವೆ ದಿನ ಒಂದ್ ದಪ ಉಟ್ಟಿದ್ರು, ಮಂಟಪ ಸುತ್ತೋದ್ರಲ್ಲಿ ಎರಡ್ ಸಲ ಜಾರ್ತು. ಉಡಿದಾರ ಸಾಲ್ದೆ ನೀವೇ ನಿಮ್ ಶಲ್ಯ ಬಿಗ್ದು ಕಟ್ಟಿದ್ರಿ. ಮರ್ತೋಯ್ತಾ?"

ರುದ್ರಸ್ವಾಮಿಗೆ ಮರೆತಿರಲಿಲ್ಲ. ಆ ಶಲ್ಯದ ಇಸ್ತ್ರಿ ಹೋದ ನೋವು ಇನ್ನೂ ಇತ್ತು. "ಷರಾಯಿಯಂತೆ! ಒಂದೊಂದ್ ಕಾಲ್ಗೂ ಒಂದೊಂದು ರಾಗಿ ಚೀಲ," ಎಂದು ಗೊಣಗಿದ. ಆದರೆ ಮಾರನೆಯ ದಿನ ಗಂಡ ಹೆಂಡಿರಿಬ್ಬರೂ ಕೊಳ್ಳೇಗಾಲದ ಬಸ್ಸು ಹತ್ತಿದರು.

ಕೊಳ್ಳೇಗಾಲ ಆಗ ಇನ್ನೂ ಮದ್ರಾಸು ಸೀಮೆ. ಮಾಂಬಳ್ಳಿ ಮೈಸೂರು ಸೀಮೆ. ಬಸ್ಸಿನಲ್ಲಿ ಎರಡು ಸಲ ಎಲೆಯಡಿಕೆ ಹಾಕಿಕೊಳ್ಳುವಷ್ಟರಲ್ಲಿ ಸೀಮೆ ದಾಟಿ ಆಗುತ್ತಿತ್ತು. ಜವಳಿ ಅಂಗಡಿಯಲ್ಲಿ ರುದ್ರಸ್ವಾಮಿ ಮೊದಲು ತನಗೆ ಬೇಕಿಲ್ಲದ ಜರಿ ಪಂಚೆಗಳನ್ನೆಲ್ಲ ಬಿಚ್ಚಿಸಿದ. ಅಂಚನ್ನು ಬೆಳಕಿಗೆ ಹಿಡಿದ, ಉಗುರಿನಿಂದ ಕೆರೆದ, ಕೆನ್ನೆಗೆ ಒತ್ತಿಕೊಂಡ, ಒಂದು ನಿಟ್ಟುಸಿರು ಬಿಟ್ಟು ಮಡಿಸಿಟ್ಟ. ಆಮೇಲೆ, ಯಾರದೋ ತಪ್ಪನ್ನು ತಾನು ಒಪ್ಪಿಕೊಳ್ಳುವವನ ಹಾಗೆ, "ಷರಾಯಿ ಬಟ್ಟೆ ಅದಾ?" ಎಂದು ತಗ್ಗಿದ ದನಿಯಲ್ಲಿ ಕೇಳಿದ. ಬೂದಿ ಬಣ್ಣದ, ಸಣ್ಣ ಗೀರಿನ ಗಟ್ಟಿ ಬಟ್ಟೆ ಶಂಕರಮ್ಮನಿಗೆ ಹಿಡಿಸಿತು. ಅವನು ಮುಟ್ಟಿ ನೋಡಿ, "ಎತ್ತಿನ್ ಮೇಲೆ ಹೊದ್ಸೋ ಜೂಲಿಗೆ ಆಯ್ತದೆ," ಎಂದ. ಆದರೂ ತೆಗೆದುಕೊಂಡ.

ದರ್ಜಿ ಮುತ್ತಯ್ಯ ಅಂಗಡಿಯ ಜಗಲಿಯ ಮೇಲೆಯೇ ಮಿಷನ್ನು ಹಾಕಿಕೊಂಡಿದ್ದ. ಹಬ್ಬದ ಬಟ್ಟೆ ಅವನ ಸುತ್ತ ಎದೆಯ ಮಟ್ಟ ಬಿದ್ದಿತ್ತು.

"ಅಳತೆಗೆ ಒಂದು ಹಳೇ ಪ್ಯಾಂಟ್ ಕೊಡುಂಗೋ ಸಾಮಿ," ಎಂದ.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅಂಗಿ ಹೊಲಿಸುವುದಾದರೆ ಅಳತೆ ಅಂಗಿ, ಕುಪ್ಪಸ ಹೊಲಿಸುವುದಾದರೆ ಅಳತೆ ಕುಪ್ಪಸ ಒಯ್ಯುವುದು ಎಲ್ಲರಿಗೂ ಗೊತ್ತು. ಆದರೆ ಅವರ ವಂಶದಲ್ಲೇ ಷರಾಯಿ ಹುಟ್ಟಿರಲಿಲ್ಲ.

"ಅಳತೆ ಷರಾಯಿ ಇಲ್ಲ. ನನ್ ಅಳಿಯ ನನ್ನಷ್ಟೇ ಎತ್ರ, ನನ್ನಷ್ಟೇ ಮೈಕಟ್ಟು. ನನ್ನನ್ನೇ ಅಳ್ದ್ಕೊ," ಎಂದು ರುದ್ರಸ್ವಾಮಿ ಎದೆ ಸೆಟೆಸಿ ನಿಂತ. "ಆದ್ರೆ ನೋಡಪ್ಪ, ಮದ್ರಾಸ್ ಸೀಮೆ ಟೇಪು ಮೈಸೂರ್ ಸೀಮೆ ಸೊಂಟುಕ್ಕೆ ಸರಿಯೋಯ್ತದಾ?"

"ಇಂಚು ಎಲ್ಲಾ ಊರಲ್ಲೂ ಇಂಚೇ ಸಾಮಿ," ಎಂದು ಮುತ್ತಯ್ಯ ಕಿವಿಯ ಪೆನ್ಸಿಲ್ ತೆಗೆದ. "ಆ ಕಚ್ಚೆ ಮಾತ್ರ ಸ್ವಲ್ಪ ಬಿಚ್ಚಿ."

"ಏನಂದೆ?"

"ಕಚ್ಚೆ ಸಾಮಿ. ಮುಂದೆ ನಿರಿಗೆ, ಹಿಂದೆ ಕಚ್ಚೆ. ಹಂಗೇ ಅಳೆದರೆ ದಪ್ಪ ಬರುತ್ತೆ."

"ನಡು ಪೇಟೇಲಿ, ಹಗಲೊತ್ನಲ್ಲಿ, ನಾನು ಕಚ್ಚೆ ಬಿಚ್ಚನಾ? ಏನ್ ಮಾತಾಡಿಯೇ! ಇವತ್ತಿನ ನಿರಿಗೆ ಕೂರ್ಸಕೆ ಎಷ್ಟೊತ್ತಾಯ್ತು ಗೊತ್ತಾ ನಿಂಗೆ? ಮೇಲೇ ಅಳಿ."

"ಒಂದೀಟು ತಗ್ಗಿಸಿ ಬರ್ಕಳಿ ಅನ್ನಿ," ಎಂದಳು ಶಂಕರಮ್ಮ ಮೆಲ್ಲಗೆ.

"ಗಂಡಸರ ಬಟ್ಟೆ ವಿಚಾರ್ದಲ್ಲಿ ನೀ ಸುಮ್ಕಿರು. ಸಡ್ಲ ಇದ್ರೆ ಗಾಳಿ ಆಡ್ತದೆ."

ಮುತ್ತಯ್ಯ ಒಮ್ಮೆ ಶಂಕರಮ್ಮನನ್ನು ನೋಡಿದ, ಒಮ್ಮೆ ಬಟ್ಟೆಯ ರಾಶಿಯನ್ನು ನೋಡಿದ. ವಾದ ಮಾಡುವಷ್ಟು ಪುರುಸೊತ್ತಿನಲ್ಲಿ ಅವನಿರಲಿಲ್ಲ. ಟೇಪನ್ನು ಕಚ್ಚೆ, ನಿರಿಗೆ, ಉಡಿದಾರ, ಸೊಂಟದಲ್ಲಿದ್ದ ಎಲೆಯಡಿಕೆ ಚೀಲ ಎಲ್ಲದರ ಮೇಲೂ ಸುತ್ತಿ, ಬಂದದ್ದನ್ನು ಬರೆದುಕೊಂಡ. "ಇದೊಂದು ಎಂಗಾದ್ರೂ ಮಾಡಿ ಬಸ್ಸಿನವನ ಕೈಲಿ ಕಳಿಸ್ತೀನಿ. ಆದ್ರೆ ರಿಪೇರಿ ಗಿಪೇರಿ ಅಂತ ಹಬ್ಬ ಆಗೋ ತನಕ ಈ ಕಡೆ ಬರಬೇಡಿ ಸಾಮಿ," ಎಂದ.

ಹೇಳಿದ ಹಾಗೆಯೇ ಕಳಿಸಿದ. ಅದು ಬಂದ ದಿನವೂ ಶಂಕರಮ್ಮ ಚೊಂಬು ಹಿಡಿದು ಪಂಚೆಯ ಮುಂದೆ ಕೂತಿದ್ದಳು. ಗಂಡ ಪೊಟ್ಟಣ ಬಿಚ್ಚಿ, ಷರಾಯಿಯನ್ನು ದೇವರ ಮುಂದೆ ಇಡಲು ಹೋದವನು ಅರ್ಧಕ್ಕೇ ನಿಂತ.

"ಒಂದ್ ದಪ ನೋಡನಾ?" ಎಂದ.

"ಏನ್ ನೋಡದು?"

"ಅಳಿಯಂಗೆ ಸರಿಯೋಯ್ತದಾ ಅಂತ. ನನ್ ಅಳತೆ ತಾನೆ?" ಎನ್ನುತ್ತ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ.

ಒಳಗೆ ಬಹಳ ಹೊತ್ತು ಸದ್ದಿರಲಿಲ್ಲ. ಆಮೇಲೆ ಯಾರೋ ಒಂಟಿ ಕಾಲಲ್ಲಿ ಕುಪ್ಪಳಿಸಿದ ಸದ್ದು. ಗೋಡೆಗೆ ತಗುಲಿದ ಸದ್ದು. "ಶಿವಶಿವಾ!" ಎಂಬ ಉದ್ಗಾರ. ಶಂಕರಮ್ಮ ತಡೆಯಲಾರದೆ ಬಾಗಿಲು ತಳ್ಳಿದಳು. ಗಂಡ ಷರಾಯಿಯನ್ನು ಎರಡು ಕೈಯಲ್ಲೂ ಹಿಡಿದು ನಿಂತಿದ್ದ. ಬಿಟ್ಟರೆ ಕೆಳಗೆ. ಅದರೊಳಗೆ ಅವನ ಜೊತೆ ಗಿರಣಿ ರುದ್ರಸ್ವಾಮಿಯೂ ಮೇಗಲಕೇರಿ ರುದ್ರಸ್ವಾಮಿಯೂ ಸಂಸಾರ ಸಮೇತ ಇಳಿದುಕೊಳ್ಳಬಹುದಿತ್ತು.

"ಈಗ್ಲಾದ್ರೂ ಗಾಳಿ ಆಡ್ತಾ ಅದಾ?" ಎಂದಳು ಶಂಕರಮ್ಮ.

"ನಗ್ಬ್ಯಾಡ. ತಪ್ಪು ಷರಾಯಿದಲ್ಲ. ಅಳ್ದಿದ್ದು ಕಚ್ಚೆ ಮೇಲೆ, ಹಾಕ್ಕಳದೂ ಕಚ್ಚೆ ಮೇಲೇ ಹಾಕ್ಕಬೇಕು. ತಡಿ!"

ಪಂಚೆ ಉಟ್ಟು, ಕಚ್ಚೆ ಹಾಕಿ, ಅದರ ಮೇಲೆ ಷರಾಯಿ ಏರಿಸಿ ಗುಂಡಿ ಹಾಕಿದ. ಅಚ್ಚು ಹೊಡೆದ ಹಾಗೆ ಕೂತಿತು. ಮುತ್ತಯ್ಯನ ಕೈಯಲ್ಲಿ ಒಂದಿಂಚೂ ತಪ್ಪಿರಲಿಲ್ಲ. ರುದ್ರಸ್ವಾಮಿ ಗೆದ್ದವನಂತೆ ನಡುಮನೆಗೆ ಬಂದು ಆ ಗೋಡೆಯಿಂದ ಈ ಗೋಡೆಗೆ ನಡೆದ. ಭತ್ತ ತುಂಬುವ ಎರಡು ದೊಡ್ಡ ಮಣ್ಣಿನ ವಾಡೆಗಳು ಜೊತೆಯಾಗಿ ತಿರುಗಾಡಲು ಹೊರಟ ಹಾಗಿತ್ತು.

ಅಷ್ಟರಲ್ಲಿ ಪಕ್ಕದ ಮನೆ ದೊಡ್ಡಬಸಮ್ಮ ಮಜ್ಜಿಗೆಗೆಂದು ಖಾಲಿ ಚೊಂಬು ಹಿಡಿದು ಒಳಗೆ ಬಂದಳು. ನೋಡಿದಳು. ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದಳು.

"ಯಾರಮ್ಮಿ ಶಂಕ್ರಿ ಇವ್ರು? ನೀರಾವರಿ ಸಾಯೇಬ್ರಾ?"

ರುದ್ರಸ್ವಾಮಿ ಭತ್ತದ ವಾಡೆಯ ಹಿಂದಕ್ಕೆ ಹಾರಿದ. ಹಾರಿದ ರಭಸಕ್ಕೆ ಷರಾಯಿಯ ಎರಡು ಗುಂಡಿ ಕಿತ್ತು ಒಲೆಯ ತನಕ ಉರುಳಿದವು. ಶಂಕರಮ್ಮ ಹಾಗೆಯೇ ನೆಲಕ್ಕೆ ಕೂತಳು. ನಗು ಬಂದು ಬಂದು, ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ದೊಡ್ಡಬಸಮ್ಮ ಮಜ್ಜಿಗೆ ಕೇಳುವುದನ್ನೂ ಮರೆತು, ಈ ಸುದ್ದಿ ಆರುವುದರೊಳಗೆ ನಾಲ್ಕು ಮನೆ ಮುಟ್ಟಿಸಲು ಓಡಿದಳು.

ವಾಡೆಯ ಹಿಂದಿನಿಂದ ದನಿ ಬಂತು: "ಓಯ್ತಾ ಆ ಮಾರಿ?"

"ಓಯ್ತು. ಬನ್ನಿ ಆಚ್ಗೆ."

ಪಂಚೆಯಲ್ಲಿ ಹೊರಗೆ ಬಂದ ರುದ್ರಸ್ವಾಮಿ ಷರಾಯಿಯನ್ನು ಮಣೆಯ ಮೇಲೆ ಎಸೆದು, ಗೋಡೆಗೆ ಒರಗಿ ಕೂತ. ಅವನ ಮುಖದಲ್ಲಿ ಸಿಟ್ಟಿಗಿಂತ ಸೋಲು ಹೆಚ್ಚಾಗಿತ್ತು. "ಆ ದರ್ಜಿ ಹಬ್ಬ ಆಗೋಗಂಟ ಮುಟ್ಟಕಿಲ್ಲ. ಬಟ್ಟೆ ಇಲ್ದೆ ಕರ್ದು, ಆ ಉಡ್ಗನ್ನ ನಾಕ್ ಜನದ ಮುಂದೆ ನಗೆಪಾಟ್ಲು ಮಾಡನಾ? ಈ ವರ್ಸ ಬ್ಯಾಡ. ಕಾಗ್ದ ಅರ್ದಾಕು."

ಶಂಕರಮ್ಮನ ನಗು ನಿಂತುಹೋಯಿತು. ಗಂಡ ಉಟ್ಟಿದ್ದ ಪಂಚೆಯ ಸುಕ್ಕುಗಳನ್ನು ನೋಡಿದಳು. ಆಮೇಲೆ ಎದ್ದು ದೇವರ ಗೂಡಿನಿಂದ ಕಾರ್ಡನ್ನು ತಂದು ಗಂಡನ ಮುಂದೆ ಇಟ್ಟಳು.

"ಒಂದ್ ಮಾತು ಹೇಳ್ಲಾ? ಇಷ್ಟ್ ವರ್ಸ ಹೇಳಿರ್ನಿಲ್ಲ."

"ಏನು?"

"ಮದ್ವೆ ಆಗಿ ನಿಮ್ಮನೆಗ್ ಬಂದಾಗ ನಿಮ್ಮನ್ನ ಕಂಡ್ರೆ ನನ್ಗೆ ಬೋ ಬಯ ಆಗೋದು. ಮಾತಿಲ್ಲ, ನಗು ಇಲ್ಲ, ಯಾವಾಗ್ಲೂ ಕನ್ನಡಿ ಮುಂದೆ ನಿರ್ಗೆ ಎಣಿಸ್ಕಂಡು ನಿಂತಿರ್ತಿದ್ರಿ. ಈ ದೇವ್ರ ಸಿಂಗಾರ್ದಂಥ ಮನುಷ್ಯನ್ ಜೊತೆ ಎಂಗಪ್ಪಾ ಬಾಳದು ಅಂತಿದ್ದೆ. ಮೊದಲ್ನೇ ದೀಪಾವ್ಳಿಗೆ ಧನಗೆರೇಲಿ ಕಂಬ್ಳಿ ಹೊದ್ದು ಕೂತಿದ್ರಲ್ಲ, ಆಗ ನಾನೂ ವಾಡೆ ಸಂದೀಲಿ ನಿಂತು ನೋಡ್ದೆ. ಕಂಬ್ಳಿಗೂವೆ ನಿರ್ಗೆ ಹಿಡಿಯಕ್ ನೋಡ್ತಿದ್ರಿ. ನಗು ತಡಿಯಕಾಗ್ನಿಲ್ಲ. ಆವತ್ತೇ ನನ್ ಬಯ ಓಗಿದ್ದು."

ರುದ್ರಸ್ವಾಮಿ ಕಾರ್ಡಿನ ಮೂಲೆಯಲ್ಲಿ ಉಳಿದಿದ್ದ ಅರಿಶಿನವನ್ನು ಬೆರಳಿನಿಂದ ಸವರಿದ.

"ನಿಮ್ಗೆ ಜರಿ ಪಂಚೆ ಸಾಯಂಕಾಲ ಬಂತು. ಅದರ ಅಂಚು ಯಾವ ಬಣ್ಣವೋ ನನ್ಗೆ ಗ್ಯಾನ ಇಲ್ಲ. ಕಂಬ್ಳಿ ಗ್ಯಾನ ಅದೆ." ಅವಳು ಸ್ವಲ್ಪ ತಡೆದು, "ನಿಮ್ ಕಟ್ಟು ಏನು? ಬಟ್ಟೆ ಮನೇಲಿರ್ಬೇಕು, ಅಷ್ಟೇ ತಾನೆ? ಅಕೋ, ಮಣೆ ಮೇಲೆ ಅದೆ. ಒಬ್ರಿಗಲ್ಲ, ಮೂರು ಜನ ಅಳಿಯಂದಿರ್ಗೆ ಆಗೋಷ್ಟದೆ," ಎಂದಳು.

ಮೊದಲು ರುದ್ರಸ್ವಾಮಿಯ ಮೀಸೆ ಅಲುಗಿತು. ಆಮೇಲೆ ಹೊಟ್ಟೆ. ಆಮೇಲೆ ಅವನು ನಕ್ಕ ನಗುವಿಗೆ ಕೊಟ್ಟಿಗೆಯ ಎಮ್ಮೆ ತಲೆಯೆತ್ತಿ ನೋಡಿತು. ಕಣ್ಣೊರೆಸಿಕೊಂಡು ಗೂಡಿನಲ್ಲಿದ್ದ ಪೆನ್ಸಿಲ್ ತಂದು, ಕಾರ್ಡಿನ ಅಡಿಯಲ್ಲಿ ಉಳಿದಿದ್ದ ಜಾಗದಲ್ಲಿ ಒಂದು ಸಾಲು ಸೇರಿಸಿ, ಹೆಂಡತಿಗೆ ಕೇಳುವ ಹಾಗೆ ಓದಿದ: "ಬರುವಾಗ ಚಿರಂಜೀವಿ ಅಳಿಯಂದಿರು ತಮ್ಮ ಒಂದು ಹಳೆಯ ಷರಾಯಿಯನ್ನು ಅಳತೆಗೆ ಮರೆಯದೆ ತರತಕ್ಕದ್ದು. ಇಲ್ಲಿ ಕಂಬಳಿಯೂ ಇದೆ."

ಅಷ್ಟರಲ್ಲಿ ಊರ ಹೊರಗಿನ ತಿರುವಿನಲ್ಲಿ ಯಳಂದೂರಿಗೆ ಹೋಗುವ ಬಸ್ಸಿನ ಹಾರನ್ ಕೇಳಿಸಿತು. ಚಾವಡಿಯ ಅಂಚೆ ಡಬ್ಬಿಯ ಚೀಲ ಹೋಗುವುದು ಅದೇ ಬಸ್ಸಿನಲ್ಲಿ. ಇವತ್ತು ತಪ್ಪಿದರೆ ಕಾಗದ ಹಬ್ಬಕ್ಕೆ ಮುಂಚೆ ಮೈಸೂರು ಮುಟ್ಟುವುದಿಲ್ಲ.

"ಇರಿ, ಇಸ್ತ್ರಿ ಪಂಚೆ ಆಗೋಯ್ತು, ಒಂದೇ ಮಡಿಕೆ," ಎಂದು ಶಂಕರಮ್ಮ ಚೊಂಬನ್ನು ಎತ್ತಿಕೊಂಡಳು.

ರುದ್ರಸ್ವಾಮಿ ಕೇಳಿಸಿಕೊಳ್ಳಲಿಲ್ಲ. ಷರಾಯಿಯೊಳಗೆ ನಲುಗಿದ ಪಂಚೆಯಲ್ಲಿಯೇ ಹೊಸಿಲು ದಾಟಿದ್ದ. ಶಂಕರಮ್ಮ ಕೆಂಡದ ಚೊಂಬು ಹಿಡಿದೇ ಬಾಗಿಲಿಗೆ ಬಂದಳು. ಬೀದಿಯ ಜಗಲಿಗಳ ಮೇಲೆ ದೊಡ್ಡಬಸಮ್ಮನ ಸುದ್ದಿ ಕೇಳುತ್ತ ಕೂತವರೆಲ್ಲ ಎದ್ದು ನಿಂತರು. ನಿರಿಗೆ ರುದ್ರಸ್ವಾಮಿ ಒಂದು ಕೈಯಲ್ಲಿ ಕಾರ್ಡು, ಇನ್ನೊಂದು ಕೈಯಲ್ಲಿ ಬಿಚ್ಚಿಹೋಗುತ್ತಿದ್ದ ಕಚ್ಚೆ ಹಿಡಿದು, ಶಲ್ಯವಿಲ್ಲದೆ, ನಡುಬೀದಿಯಲ್ಲಿ ಓಡುತ್ತಿದ್ದ.

"ಏನ್ ಯಜಮಾನ್ರೇ, ಸಾಯೇಬ್ರು ಎಲ್ಲಿಗ್ ಓಯ್ತಾ ಅವ್ರೆ?" ಎಂದು ಯಾರೋ ಕೂಗಿದರು.

"ಮಗ್ಳನ್ನ ಕರಿಯಕೆ ಕಣ್ರಪ್ಪಾ!"

ಚಾವಡಿಯ ಮುಂದೆ ಅಂಚೆಯವನು ಡಬ್ಬಿಯ ಬೀಗ ತೆಗೆದು ಚೀಲದ ಬಾಯಿ ಕಟ್ಟುತ್ತಿದ್ದ. ರುದ್ರಸ್ವಾಮಿ ಅವನ ಕೈ ತಡೆದು, ಕಾರ್ಡನ್ನು ಚೀಲದೊಳಗೆ ಮೊಳಕೈ ತನಕ ಇಳಿಸಿ ಬಿಟ್ಟ. ಬಸ್ಸು ಚೀಲ ಹೇರಿಕೊಂಡು, ಧೂಳೆಬ್ಬಿಸಿ ಹೊರಟಿತು. ಅದು ಯಳಂದೂರಿನ ದಾರಿಯಲ್ಲಿ ಮರೆಯಾಗುವ ತನಕ ಅವನು ಅಲ್ಲೇ ನಿಂತಿದ್ದ. ಆಮೇಲೆ ಬಗ್ಗಿ ತನ್ನ ನಿರಿಗೆಯ ಕಡೆ ನೋಡಿಕೊಂಡ.