ನನ್ನ ಹಣೆಗೆ ಬಂದ ಹೆಸರು

“ನೀನು ಯಾವ ಊರಿಗೆ ಜನ ದಾಟಿಸ್ತೀಯೋ ಆ ಊರಿನ ಹೆಸರನ್ನೇ ನಿನ್ನ ಹಣೆಗೆ ಬರೆಸ್ತೇನೆ” ಎಂದು ದೂಮಣ್ಣ ಆಚಾರಿ ನನಗೆ ಮಾತು ಕೊಟ್ಟಿದ್ದ. ಆಗ ನಾನಿನ್ನೂ ಹಲಸಿನ ಹಲಗೆಗಳ ರಾಶಿ. ಉಳಿಯ ನೋವು ಮರೆಸಲು ಹೇಳಿದ್ದಿರಬಹುದು. ನಾನು ನಂಬಿದೆ.

ನಾನು ಒಂದು ಕಡವಿನ ದೋಣಿ. ಬೆಂಗ್ರೆಯಿಂದ ಹೊಳೆ ದಾಟಿ ಮಂಗಳೂರಿನ ಬಂದರಿಗೆ ಹೋಗುತ್ತಿದ್ದೆ. ಬರೆಸುವ ಮೊದಲೇ ಆಚಾರಿ ತೀರಿಹೋದ. ನನ್ನನ್ನು ಕೊಂಡವನು ಇದಿನಬ್ಬ, ಓದು ಬಾರದ ಬ್ಯಾರಿ ಅಂಬಿಗ. ಆಚಾರಿಯ ಮಾತು ಅವನಿಗೂ ಗೊತ್ತಿತ್ತು. ಬರೆಸೋಣ, ಬರೆಸೋಣ ಎನ್ನುತ್ತಲೇ ಹನ್ನೊಂದು ಮಳೆಗಾಲ ಕಳೆದ. ಕೊನೆಗೆ ಬಂದರು ಕಚೇರಿಯಿಂದ ಅಪ್ಪಣೆ ಬಂತು: ಹೆಸರಿಲ್ಲದ ದೋಣಿ ನಾಳೆಯಿಂದ ನೀರಿಗಿಳಿಯಕೂಡದು.

“ಪೈಂಟರ್ ಆಚೆ ದಡದಲ್ಲಿ ಕಾಯ್ತಾ ಇದ್ದಾನೆ. ಊರಿನ ಹೆಸರು ಎಂತ ಹೇಳ್ಲಿ?” ಎಂದು ಇದಿನಬ್ಬ ನಡುಹೊಳೆಯಲ್ಲಿ ದೋಣಿಯಲ್ಲಿದ್ದವರನ್ನು ಕೇಳಿದ.

“ಅದನ್ನೂ ಕೇಳ್ಬೇಕಾ? ಕುಡ್ಲ” ಎಂದಳು ಮೀನಿನ ಬುಟ್ಟಿಯ ಅಪ್ಪಿ. ಅವಳದು ತುಳು.

“ಕೊಡಿಯಾಲ್ ಅಂತ ಬರೆಸು. ನಮ್ಮಜ್ಜಿ ಮದುವೆಯಾಗಿ ಬಂದದ್ದು ಕೊಡಿಯಾಲಿಗೆ, ಇವಳ ಕುಡ್ಲಕ್ಕಲ್ಲ” ಎಂದರು ಕೊಂಕಣಿಯ ಸೆವ್ರಿನ್ ಬಾಯಿ.

“ಇಬ್ಬರೂ ಇಳಿಯುವುದು ಒಂದೇ ಕಡೆ ಮಾರಾಯ್ರೆ” ಎಂದು ವೆಂಕಪ್ಪ ಮಾಸ್ತರರು ನಕ್ಕರು. “ಮಂಗಳಾದೇವಿಯ ಊರು ಮಂಗಳೂರು. ಹಿಂದೆ ಅರಬ್ಬಿ ನಾವಿಕರು ಮಂಜರೂರ್ ಅಂತಿದ್ದರಂತೆ. ಈ ಇದಿನಬ್ಬನ ಮನೆಯಲ್ಲಿ ಮೈಕಾಲ.”

“ಕುಡ್ಲ ಅಂದ್ರೆ ಎಂತದು ಗೊತ್ತುಂಟಾ ಮಾಸ್ಟ್ರೆ?” ಅಪ್ಪಿ ದಕ್ಷಿಣಕ್ಕೆ ಕೈ ತೋರಿದಳು. “ಅಗೋ, ಎರಡು ಹೊಳೆ ಕೂಡುವುದು. ಅದೇ.”

ಎಲ್ಲರೂ ಆ ಕಡೆ ತಿರುಗಿದರು. ನೇತ್ರಾವತಿಯೂ ಗುರುಪುರ ಹೊಳೆಯೂ ಒಂದಾಗಿ ಕಡಲಿಗೆ ಹೋಗುತ್ತಿದ್ದವು. ಇದಿನಬ್ಬ ಹುಟ್ಟು ಹಾಕುವುದನ್ನೇ ಮರೆತ. ಊರು ಕಟ್ಟಲು ಮನುಷ್ಯರು ಬರುವ ಮೊದಲೇ ನೀರು ಆ ಹೆಸರನ್ನು ಹೇಳಿಕೊಳ್ಳುತ್ತಿತ್ತಲ್ಲ! ಆಮೇಲೆ ದೇವರ ಹೆಸರಿನಿಂದ, ಹಡಗಿನವರ ಬಾಯಿಂದ, ಅಜ್ಜಿಯರ ನಾಲಗೆಯಿಂದ ಒಂದೊಂದೇ ಹೆಸರು ಬಂದು ಅದೇ ದಡಕ್ಕೆ ಹತ್ತಿದ್ದವು. ಇಷ್ಟು ದೊಡ್ಡದನ್ನು ನನ್ನ ಗೇಣಗಲದ ಹಣೆ ಹೇಗೆ ಹೊತ್ತೀತು? ನನ್ನ ಹಲಗೆಗಳು ಜುಮ್ಮೆಂದವು.

ದಡದಲ್ಲಿ ಕಾಯುತ್ತಿದ್ದ ಪೈಂಟರ್ ಘಟ್ಟದ ಮೇಲಿನವನು, ಕರಾವಳಿಯ ಮಾತುಗಳು ತಿಳಿಯದವನು. “ಎಲ್ಲಿಗೆ ಹೋಗೋ ದೋಣಿ ಇದು?” ಎಂದ. ಯಾವ ಹೆಸರು ಹೇಳಿದರೆ ಯಾರು ಮುನಿಯುತ್ತಾರೋ ಎಂದು ತಡವರಿಸಿದ ಇದಿನಬ್ಬನ ಬಾಯಿಗೆ ಮನೆಮಾತೇ ಬಂತು.

“ಅಕ್ಕರೆ.”

ಬ್ಯಾರಿ ಮಾತಿನಲ್ಲಿ ಆಚೆ ದಡಕ್ಕೆ ಎಂದು ಅದರ ಅರ್ಥ.

“ಒಳ್ಳೇ ಹೆಸರು ಸಾಬ್ರೆ” ಎಂದ ಪೈಂಟರ್ ಅದನ್ನೇ ಬರೆದ. ಮಾಸ್ತರರು ಓದಿ ಹೇಳಿದರು. “ಕನ್ನಡದಲ್ಲಿ ಇದು ಪ್ರೀತಿ ಅಂತ ಆಯ್ತಲ್ಲ ಇದಿನಬ್ಬ.”

“ಅಯ್ಯೋ. ಅಳಿಸ್ಲಿಕ್ಕೆ ಹೇಳ್ಲಾ?”

“ಬೇಡ. ಇದಕ್ಕೆ ನಾವ್ಯಾರೂ ಜಗಳ ಮಾಡುವುದಿಲ್ಲ” ಎಂದರು ಸೆವ್ರಿನ್ ಬಾಯಿ. ಮರುದಿನ ನಾನು ನೀರಿಗಿಳಿದೆ.

ಈಗ ಬೆಂಗ್ರೆಯ ಮರಳಲ್ಲಿ ಬೋರಲಾಗಿ ಬಿದ್ದಿದ್ದೇನೆ. ಬಣ್ಣ ಕಿತ್ತು ನಡುವಿನ ‘ಕ್ಕ’ ಮಾತ್ರ ಉಳಿದಿದೆ. ಎದುರು ದಡವನ್ನು ಜನ ಈಗಲೂ ಅವರವರ ಹೆಸರಿನಿಂದ ಕರೆಯುತ್ತಾರೆ. ಅದು ಎಲ್ಲದಕ್ಕೂ ಓಗೊಡುತ್ತದೆ.

ಊರಿನ ಹೆಸರು ನನ್ನ ಹಣೆಗೆ ಬರಲಿಲ್ಲ. ದೂಮಣ್ಣ ಕೊಟ್ಟ ಮಾತು ನಡೆಯಲಿಲ್ಲ.