ಹರಕೆಯ ಕೂದಲು

"ಕತ್ರಿ ಕೆಳಗಿಡು ಅಂದೆ ಕಣೇ! ಅದು ವೀರಭದ್ರನ ಕೂದ್ಲು!"

ಅತ್ತೆ ಒಳಗಿನಿಂದ ಕೂಗಿದರೂ ಕೋಮಲಾ ಕತ್ತರಿ ಇಡಲಿಲ್ಲ. ಐದು ವರ್ಷದ ಮಗಳು ನಯನಳನ್ನು ಜಗಲಿಯ ಮೇಲೆ ಮೊಣಕಾಲ ನಡುವೆ ಕೂರಿಸಿಕೊಂಡು ಜಡೆ ಬಿಚ್ಚತೊಡಗಿದಳು. ಕೀವಿನ ವಾಸನೆ ಮೂಗಿಗೆ ಬಡಿಯಿತು.

ಮಗುವಿಗೆ ಕಿಡ್ನಿ ಕಾಯಿಲೆ ಅಂತ ಗೊತ್ತಾದ ದಿನವೇ ಅತ್ತೆ ಮಲ್ಲಿಕಾಂಬ ಹೊತ್ತ ಹರಕೆ ಅದು. ವಾಸಿಯಾದ ಮೇಲೆ ವೀರಭದ್ರ ದೇವರ ಮುಂದೆ ಮುಡಿ ಕೊಡಬೇಕು, ಅಲ್ಲಿಯವರೆಗೂ ಆ ಕೂದಲಿಗೆ ಕತ್ತರಿ ಮುಟ್ಟಿಸುವಂತಿಲ್ಲ, ಔಷಧಿಯನ್ನೂ ಸೋಕಿಸುವಂತಿಲ್ಲ. ತಲೆಯಲ್ಲಿ ಹುಳುಕಡ್ಡಿ ಎದ್ದು ತಿಂಗಳಾಗಿತ್ತು. ಮಗು ಕೆರೆದುಕೊಂಡು ಅಳುವುದು, ಅಜ್ಜಿ ವಿಭೂತಿ ಹಚ್ಚುವುದು, ಇಷ್ಟೇ. ಇವತ್ತು ಕೋಮಲಾ ಯಾರಿಗೂ ಹೇಳದೆ ಕಡೂರಿನ ಬಸ್ಸು ಹತ್ತಿ ಚರ್ಮದ ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದಳು. ಡಾಕ್ಟರು ಚೆನ್ನಾಗಿ ಉಗಿದಿದ್ದರು. "ಕಿಡ್ನಿ ಮಾತ್ರೆ ತಗೊಳ್ಳೋ ಮಗು ಕಣಮ್ಮ, ಸೋಂಕು ತಡೆಯೋ ಶಕ್ತಿ ಎಲ್ಲಿಂದ ಬರ್ಬೇಕು? ಈ ಕೀವು ರಕ್ತಕ್ಕೆ ಸೇರಿದ್ರೆ ಜೀವಕ್ಕೇ ಕುತ್ತು. ಇವತ್ತೇ ಕೂದಲು ತೆಗೆಸಿ, ಔಷಧಿ ಶುರು ಮಾಡಿ."

ಗಂಡ ಪ್ರಸನ್ನಕುಮಾರ್ ಬಾಗಿಲಲ್ಲಿ ನಿಂತು ಕೆಮ್ಮಿದ. ಊರಿಗೆಲ್ಲ ಬುದ್ಧಿ ಹೇಳುವ ಗಂಡಸು, ಅವ್ವನ ಮುಂದೆ ಮಾತ್ರ ಬಾಯಲ್ಲಿ ನಾಲಿಗೆಯೇ ಇಲ್ಲ.

"ಮಠದ ಸ್ವಾಮ್ಗಳನ್ನ ಒಂದ್ಮಾತು ಕೇಳ್ಬಿಡಾನ ಕಣೇ."

"ಕೇಳ್ತಾ ಕೂತ್ಕಳ್ರೀ! ನಿಮ್ ಮಗಳ ತಲೆ ಕೊಳೀತಾ ಐತೆ. ಯಾವ ಸ್ವಾಮ್ಗಳು, ಯಾವ ದೇವ್ರು ಹಿಂಗೇ ಕೊಳೆಯಕ್ಕೆ ಬಿಡು ಅಂತಾನೆ?"

ಅವಳು ಕತ್ತರಿ ಆಡಿಸಿದಳು. ಕೂದಲು ಕೀವಿಗೆ ಅಂಟಿ ಗಂಟುಗಂಟಾಗಿ ಕಳಚಿ ಬಂತು. ಕೆಳಗೆ ಅಂಗೈಯಗಲ ಊದಿಕೊಂಡ ನೆತ್ತಿ ಒಸರುತ್ತಿತ್ತು.

ಮಲ್ಲಿಕಾಂಬ ಓಡಿ ಬಂದಳು. ಮಗುವಿನ ನೆತ್ತಿಯತ್ತ ತಿರುಗಿಯೂ ನೋಡಲಿಲ್ಲ. ಮುಡಿ ನೆಲಕ್ಕೆ ಬೀಳಬಾರದು ಅಂತ ಬಗ್ಗಿ ಕೂದಲನ್ನು ಸೆರಗಿಗೆ ಬಾಚಿಕೊಳ್ಳತೊಡಗಿದಳು. ಬಳೆ ಮೇಲಕ್ಕೆ ಸರಿಯಿತು. ಮುಂಗೈಯಲ್ಲಿ ದುಂಡಗೆ ಎರಡು ಹುಳುಕಡ್ಡಿ, ಮೇಲೆ ಆಗತಾನೆ ಹಚ್ಚಿದ ಬಿಳಿ ಮುಲಾಮು.

ಕೋಮಲಾ ಆ ಕೈಯನ್ನು ಗಪ್ಪನೆ ಹಿಡಿದಳು. "ಇದೇನು ಅತ್ತೆ?"

"ಮೊನ್ನೆ ಮೆಡಿಕಲ್ ಸ್ಟೋರಿಂದ ತಂದೆ." ಮುದುಕಿಯ ದನಿ ಇಳಿಯಿತು. "ಕೆರ್ತ ತಡ್ಕಳಕ್ಕಾಗ್ಲಿಲ್ಲ ಕಣೇ."

ನಯನ ಕತ್ತು ತಿರುಗಿಸಿ ಆ ಕೈಯನ್ನೇ ನೋಡಿದಳು.

"ಅಜ್ಜೀ, ನಿಂಗೂ ಉರೀತದಾ?"

ಮಲ್ಲಿಕಾಂಬ ಸೆರಗಿನ ತುಂಬ ಕೂದಲು ಹಿಡಿದುಕೊಂಡು ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ಕೋಮಲಾ ಮಗಳ ಗಲ್ಲ ಹಿಡಿದು ಮೆಲ್ಲಗೆ ಮುಂದಕ್ಕೆ ತಿರುಗಿಸಿ, ಇನ್ನೊಂದು ಕಡೆಯ ಕೂದಲಿಗೆ ಕತ್ತರಿ ಇಟ್ಟಳು.