ನಡುವಿನ ಪಾಲು

ಪಂಚಲಾಲ್ ಕಾಕಾನಿಗೆ ಸ್ವಂತ ಗೋಡೆ ಇರಲಿಲ್ಲ.

ಭಕ್ತಪುರದಲ್ಲಿ ಅಣ್ಣತಮ್ಮಂದಿರು ಮನೆಯನ್ನು ಸೂರಿನಿಂದ ಬುಡದವರೆಗೆ ಸೀಳಿಯೇ ಹಂಚಿಕೊಳ್ಳುವುದು. ನಡುವಿನ ಸೀಳು ಕಾಕಾನದು, ಆಚೀಚೆಯ ಗೋಡೆಗಳು ಅಣ್ಣಂದಿರದು. ಎಡಕ್ಕಿದ್ದ ದೊಡ್ಡಪ್ಪನ ಪಾಲು ಭೂಕಂಪದಲ್ಲೇ ಬಿತ್ತು. ಬಲಕ್ಕಿದ್ದ ನಮ್ಮದು ಬಿರುಕು ಬಿಟ್ಟಿದೆಯೆಂದು ಅಪ್ಪ ಕೆಡವಿಸಿದ. ಕಾಕಾನಿಗೆ ತಾಗಿದ ಗೋಡೆಯೊಂದನ್ನು ಮಹೋಪಕಾರವೆಂಬಂತೆ ಬಿಟ್ಟ. ಕಾಕಾನ ನಾಲ್ಕು ಅಂತಸ್ತು ಎರಡೂ ಕಡೆ ಓರೆಯಾಗಿ ಊರಿದ ತೊಲೆಗಳ ಮೇಲೆ ಕುಡುಕನಂತೆ ನಿಂತಿತ್ತು. ಬಲಗಡೆಯ ತೊಲೆಗಳು ಊರಿದ್ದು ನಮ್ಮ ನೆಲದಲ್ಲಿ.

ಆ ಸೋಮವಾರ ಪರಂಪರೆ ಉಳಿಸುವ ವಿದೇಶಿ ತಂಡವೊಂದು ನಮ್ಮ ಓಣಿಗೆ ಬಂತು. ನಾಶವಾದದ್ದನ್ನು ನೋಡುವುದೆಂದರೆ ಅವರಿಗೆ ಬಲು ಉತ್ಸಾಹ. ದುಭಾಷಿ ನಾನು.

"ಈ ತೊಲೆ ಯಾರು ನಿಲ್ಲಿಸಿದ್ದು?" ತಂಡದ ಮುಖ್ಯಸ್ಥೆ ಮೇಡಂ ಕೇಳಿದಳು.

"ಅವಳಿಗೆ ಹೇಳೋ," ಎಂದ ಕಾಕಾ, "ಬುಧವಾರ ನಿಮ್ಮಪ್ಪ ಇವನ್ನ ಕಿತ್ತು ನನ್ನನ್ನ ಬೀದಿಗೆ ಹಾಕ್ತಾನಂತೆ. ಭತ್ತದ ಕೊಯ್ಲು ಮುಗಿಯೋವರೆಗೆ ಇರಲಿ, ಆಮೇಲೆ ಮನೆ ನಾನೇ ಬಿಚ್ಚಿಸ್ತೀನಿ ಅಂದ್ರೂ ಕೇಳಲ್ಲ."

"ಜೋಯಿಸರು ಹೊಸ ಮನೆ ಪಾಯಕ್ಕೆ ಬುಧವಾರವೇ ಮುಹೂರ್ತ ಕೊಟ್ಟಿದಾರೆ ಕಣೋ," ಅಪ್ಪ ರೇಗಿದ. "ಎಲ್ಲಿ ತೋಡ್ಲಿ, ನಿನ್ನ ತಲೆ ಮೇಲಾ?"

"ತೋಡಣ್ಣಾ. ನನ್ನ ಪಾಲಿನ ಗದ್ದೆ ಬದು ತೋಡಿ ಅಭ್ಯಾಸ ಇದೆಯಲ್ಲ!"

"ಅಣ್ಣತಮ್ಮಂದಿರಿಬ್ಬರಿಗೂ ಮನೆಯದೇ ಚಿಂತೆ," ಎಂದು ನಾನು ಅನುವಾದಿಸಿದೆ.

ಮೇಡಂ ಕಣ್ಣೊರೆಸಿಕೊಂಡಳು. ಇಬ್ಬರಿಂದಲೂ ಒಂದೇ ತೊಲೆ ಹಿಡಿಸಿ ಫೋಟೋ ತೆಗೆದಳು. "ಒಬ್ಬರಿಗೊಬ್ಬರು ಆಸರೆ!" ಎಂದಳು. ಕಾಕಿ ಮೇಲಿನ ಅಡಿಗೆಮನೆಯಿಂದ ಮನೆಯಲ್ಲೇ ಕಾಸಿದ ಸಾರಾಯಿ ತಂದು ಬಗ್ಗಿಸಿದಳು. ಅತಿಥಿಗಳು ಕುಡಿದು, ಕಿಟಕಿಯ ಕೆತ್ತನೆ ಸವರಿ, ನಗರ ಮತ್ತೆ ಎದ್ದು ನಿಲ್ಲುತ್ತಿದೆಯೆಂದು ಘೋಷಿಸಿ ವ್ಯಾನು ಹತ್ತಿದರು.

ಬುಧವಾರ ಅಪ್ಪ ಬಹಳ ಉದಾರಿಯಾದ. "ಎಲ್ಲಾ ಕೀಳಲ್ಲ, ಎರಡೇ ಎರಡು. ಪಾಯದ ಮೂಲೆಗೆ ಅಷ್ಟು ಜಾಗ ಸಾಕು," ಎಂದ. ಜೋಯಿಸರು ಮಂತ್ರ ಶುರು ಮಾಡಿದರು. ಕೂಲಿಯವರು ಮೊದಲ ತೊಲೆ ಕಿತ್ತರು.

"ಏಯ್, ಮುಟ್ಟಿದ್ರೆ ಕೈ ಮುರೀತೀನಿ!" ಕಾಕಾ ಪೊರಕೆ ಹಿಡಿದು ಮೆಟ್ಟಿಲಿಳಿದು ಓಡಿ ಬಂದ. ಹೊಡೆದಾಡಲು ಬಂದದ್ದರಿಂದಲೇ ಬದುಕಿದ. ಕಾಕಿ ನೀರಿಗೆ ಹೋಗಿದ್ದಳು.

ಅವನು ಅಪ್ಪನ ಕೊರಳಪಟ್ಟಿ ಹಿಡಿಯುವಷ್ಟರಲ್ಲಿ ಎರಡನೆಯ ತೊಲೆಯೂ ಕಿತ್ತು ಬಂತು. ಕೂಲಿಯವರೂ ಜೋಯಿಸರೂ ಓಣಿಗೆ ಹಾರಿದರು. ಮೊದಲು ಅಪ್ಪನ ಗೋಡೆ ಕುಸಿಯಿತು. ಅದರ ಹಿಂದೆಯೇ ಕಾಕಾನ ಮನೆ ಅವಸರವಿಲ್ಲದೆ ವಾಲಿ ನಮ್ಮ ಪಾಯದ ಜಾಗದಲ್ಲಿ ಬಂದು ಮಲಗಿತು. ಅಣ್ಣತಮ್ಮಂದಿರಿಬ್ಬರೂ ಓಣಿಯ ಧೂಳಿನಲ್ಲಿ ಕೆಮ್ಮುತ್ತ ನಿಂತರು. ಕೊರಳಪಟ್ಟಿ ಇನ್ನೂ ಕಾಕಾನ ಕೈಯಲ್ಲೇ ಇತ್ತು.

ಹೋದದ್ದು: ನಾಲ್ಕು ಅಂತಸ್ತು, ಒಂಬತ್ತು ಬಾಗಿಲು, ಆರು ಚೀಲ ಭತ್ತ, ಎರಡು ಕೋಳಿ.